ಸಣ್ಣ ಆಟಗಳಿಗೆ ವರ್ಷವಿಡೀ ಚಾನೆಲ್: ನೋಡುವವರು ಸಿಗುತ್ತಾರಾ ಅಂತ ಮೊದಲೇ ತಿಳಿಯುವುದು ಹೇಗೆ?

ಸಣ್ಣ ಆಟಗಳಿಗೆ ಒಂದು ಟಿವಿ ಚಾನೆಲ್ ಶುರು ಮಾಡಬೇಕು ಅಂತ ಸಲಹೆ ಕೇಳಲು ಬರುವವರು ಮೊದಲು ತೋರಿಸುವುದು ಫೈನಲ್ ಪಂದ್ಯದ ವಿಡಿಯೊವನ್ನೇ. ತುಂಬಿದ ಗ್ಯಾಲರಿ, ಕೂಗಾಟ, ಕಪ್ ಎತ್ತಿ ಕುಣಿಯುವ ಹುಡುಗರು. "ಇದನ್ನ ಜನ ನೋಡಲ್ಲ ಅಂತೀರಾ ಮೇಡಂ?" ನೋಡುತ್ತಾರೆ, ಯಾಕೆ ನೋಡಲ್ಲ. ನನ್ನ ಪ್ರಶ್ನೆ ಬೇರೆ. ಆ ಫೈನಲ್ ಮುಗಿದು ಆರು ವಾರ ಆಗಿದೆ. ಮುಂದಿನ ಟೂರ್ನಿಗೆ ಇನ್ನೂ ನಾಲ್ಕು ತಿಂಗಳಿದೆ. ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಚಾನೆಲ್‌ನಲ್ಲಿ ಏನು ಬರುತ್ತಿರುತ್ತದೆ?

ಹೆಚ್ಚಿನವರು ಇಲ್ಲಿ ಸುಮ್ಮನಾಗುತ್ತಾರೆ.

ನಾನು ಕ್ರೀಡಾ ಚಾನೆಲ್‌ಗಳಲ್ಲಿ ವೇಳಾಪಟ್ಟಿ ಹಾಕುವ ಕೆಲಸ ಮಾಡಿದವಳು. ನಮ್ಮಲ್ಲಿ ಅದಕ್ಕೆ ಎಫ್‌ಪಿಸಿ ಅನ್ನುತ್ತಾರೆ. ದಿನದ 24 ಗಂಟೆಯಲ್ಲಿ ಯಾವ ಹೊತ್ತಿಗೆ ಏನು ಹೋಗಬೇಕು ಅಂತ ತುಂಬಿಸುವ ಚಾರ್ಟ್ ಅದು. ಲೈವ್ ಪಂದ್ಯಕ್ಕೆ ಕೆಂಪು ಬಣ್ಣ, ಮರುಪ್ರಸಾರಕ್ಕೆ ನೀಲಿ. ಕ್ಯಾಮೆರಾ ಮುಂದೆ ನಿಲ್ಲುವವರಿಗೆ ಕೆಂಪು ಮನೆಗಳು ಮಾತ್ರ ನೆನಪಿರುತ್ತವೆ. ನನ್ನ ಜೀವನ ಪೂರ್ತಿ ನೀಲಿಯಲ್ಲೇ ಕಳೆದಿದೆ. ಹಾಗಾಗಿ ನನ್ನ ಅಭಿಪ್ರಾಯವೂ ಅಲ್ಲಿಂದಲೇ ಬರುತ್ತದೆ. ಸಣ್ಣ ಆಟದ ಚಾನೆಲ್ ಉಳಿಯುತ್ತದೋ ಮುಚ್ಚುತ್ತದೋ ಅನ್ನುವುದನ್ನು ಪಂದ್ಯ ಇಲ್ಲದ ತಿಂಗಳುಗಳು ತೀರ್ಮಾನ ಮಾಡುತ್ತವೆ. ಅದನ್ನು ಮೊದಲೇ ಅಳೆದು ನೋಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಗಂಟೆಗಳ ಲೆಕ್ಕ

ವರ್ಷಕ್ಕೆ 8,760 ಗಂಟೆ. ಈ ಸಂಖ್ಯೆಯನ್ನು ಕಾಗದದ ತಲೆಯಲ್ಲಿ ದೊಡ್ಡದಾಗಿ ಬರೆದುಕೊಳ್ಳಿ. ಅದರ ಕೆಳಗೆ ನಿಮ್ಮ ಆಟದಲ್ಲಿ ವರ್ಷಕ್ಕೆ ಎಷ್ಟು ಗಂಟೆ ಲೈವ್ ಸಿಗುತ್ತದೆ ಅಂತ ಬರೆಯಿರಿ.

ಉದಾಹರಣೆಗೆ ಪ್ರೊ ಕಬಡ್ಡಿಯನ್ನೇ ತಗೊಳ್ಳಿ. 2014ರಲ್ಲಿ 8 ತಂಡಗಳೊಂದಿಗೆ ಶುರುವಾದ ಲೀಗ್ 2017ರ ಹೊತ್ತಿಗೆ 12 ತಂಡ, 138 ಪಂದ್ಯಗಳಿಗೆ ಬೆಳೆಯಿತು. ಮೂರು ತಿಂಗಳು ನಡೆಯಿತು. 20 ನಿಮಿಷದ ಎರಡು ಅವಧಿ, ನಡುವೆ ವಿರಾಮ, ಜಾಹೀರಾತು ಎಲ್ಲ ಸೇರಿಸಿ ಪಂದ್ಯಕ್ಕೆ ಒಂದು ಗಂಟೆ ಅಂತ ಹಿಡಿಯಿರಿ. ಒಟ್ಟು 138 ಗಂಟೆ. 8,760ರಲ್ಲಿ ಅದು ಶೇ. 1.6ರಷ್ಟು. ಅಷ್ಟು ದೊಡ್ಡ ಲೀಗಿನ ಕಥೆಯೇ ಇದು. ಹಾಗಿರುವಾಗ ವರ್ಷಕ್ಕೆ ಎರಡು ವಾರಾಂತ್ಯ ಟೂರ್ನಿ ನಡೆಸುವ ಫೆಡರೇಷನ್ "ನಮ್ಮ ಆಟಕ್ಕೇ ಒಂದು ಚಾನೆಲ್" ಅಂದರೆ ಏನು ಹೇಳಬೇಕು ಹೇಳಿ.

ಒಟ್ಟು ಗಂಟೆ ಎಷ್ಟು ಮುಖ್ಯವೋ, ಮಧ್ಯದ ಖಾಲಿ ಜಾಗ ಅದಕ್ಕಿಂತ ಮುಖ್ಯ. ಜಪಾನಿನ ಸುಮೊ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷಕ್ಕೆ 6 ದೊಡ್ಡ ಟೂರ್ನಿ. ಒಂದೊಂದೂ 15 ದಿನ. ಒಟ್ಟು 90 ದಿನ ಕುಸ್ತಿ, ಉಳಿದ 275 ದಿನ ಇಲ್ಲ. ಆದರೆ ಟೂರ್ನಿಗಳು ಜನವರಿ, ಮಾರ್ಚ್, ಮೇ ಹೀಗೆ ಒಂದು ತಿಂಗಳು ಬಿಟ್ಟು ಒಂದು ತಿಂಗಳು ಬರುತ್ತವೆ. ಯಾವ ಗ್ಯಾಪ್ ಕೂಡ ಏಳು ವಾರಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಹೋದ ಟೂರ್ನಿಯ ಮಾತು ತಣ್ಣಗಾಗುವ ಹೊತ್ತಿಗೆ ಮುಂದಿನದರ ಶ್ರೇಯಾಂಕ ಪಟ್ಟಿ ಬಂದಿರುತ್ತದೆ. ಅದೇ 90 ದಿನವನ್ನು ಒಟ್ಟಿಗೆ ಮೂರು ತಿಂಗಳಲ್ಲಿ ಮುಗಿಸಿದರೆ ಉಳಿದ ಒಂಬತ್ತು ತಿಂಗಳಲ್ಲಿ ಜನ ಚಾನೆಲ್ ನಂಬರನ್ನೇ ಮರೆಯುತ್ತಾರೆ. ಆದ್ದರಿಂದ ನಿಮ್ಮ ಆಟದ ಕ್ಯಾಲೆಂಡರ್‌ನಲ್ಲಿ ಅತಿ ಉದ್ದದ ಗ್ಯಾಪ್ ಎಷ್ಟು ದಿನ ಅಂತ ಹುಡುಕಿ, ಅದಕ್ಕೆ ಒಂದು ವೃತ್ತ ಹಾಕಿ. ಎರಡು ತಿಂಗಳು ದಾಟಿದರೆ ಒಂದೇ ಆಟದ ಚಾನೆಲ್ ಅನ್ನುವ ಯೋಚನೆ ಕಷ್ಟ. ಜೊತೆಗೆ ಇನ್ನೊಂದು ಆಟ ಬೇಕು, ಅದರ ಸೀಸನ್ ಈ ಗ್ಯಾಪ್‌ನಲ್ಲಿ ಬೀಳಬೇಕು.

ಈಗ ನೀಲಿ ಬಣ್ಣದ ವಿಷಯ. 24 ಗಂಟೆಯೂ ಹೊಸದು ಕೊಡಲು ಯಾರಿಂದಲೂ ಆಗುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಆರು ಗಂಟೆಯ ಒಂದು ಕಟ್ಟು ಮಾಡಿ ದಿನಕ್ಕೆ ನಾಲ್ಕು ಸಲ ತಿರುಗಿಸುವುದು ಹಳೆಯ ಪದ್ಧತಿ. ಬೆಳಿಗ್ಗೆ ಹೋದದ್ದೇ ಮಧ್ಯಾಹ್ನ, ಸಂಜೆ, ರಾತ್ರಿ. ಆ ಆರು ಗಂಟೆಯಲ್ಲಿ ಎರಡು ಗಂಟೆಯಾದರೂ ಅವತ್ತಿನ ಹೊಸ ಸರಕು ಇರಬೇಕು. ಅಂದರೆ ವರ್ಷಕ್ಕೆ 730 ಗಂಟೆ ಹೊಸದು. ಲೈವ್ 138 ಗಂಟೆ ಕಳೆದರೆ ಇನ್ನೂ 592 ಗಂಟೆ ಉಳಿಯಿತು. ಇದು ಎಲ್ಲಿಂದ ಬರುತ್ತದೆ ಅಂತ ಒಂದೊಂದಾಗಿ ಹೆಸರು ಹಿಡಿದು ಬರೆಯಿರಿ. "ಸಂದರ್ಶನ, ಚರ್ಚೆ, ಇತ್ಯಾದಿ" ಅಂತ ಬರೆದರೆ ನಾನು ಆ ಸಾಲನ್ನು ಹೊಡೆದು ಹಾಕುತ್ತೇನೆ. ಇತ್ಯಾದಿಯನ್ನು ಪ್ರಸಾರ ಮಾಡಲು ಬರುವುದಿಲ್ಲ.

ನೋಡುವವರು ಯಾರು?

ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ಯಾಕೆಂದರೆ ಎಲ್ಲ ಇಲ್ಲೇ ಇದೆ.

ದೊಡ್ಡ ಆಟಗಳನ್ನು ಆಡದವರೂ ನೋಡುತ್ತಾರೆ. ಸಣ್ಣ ಆಟವನ್ನು ವರ್ಷವಿಡೀ ನೋಡುವವರು ಬಹುಪಾಲು ತಾವೂ ಆಡುವವರು, ಇಲ್ಲವೇ ಮಕ್ಕಳನ್ನು ಕೋಚಿಂಗ್‌ಗೆ ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂರುವ ಅಪ್ಪ ಅಮ್ಮಂದಿರು. ಅವರಿಗೆ ಪಂದ್ಯ ಬೇಕು, ನಿಜ. ಆದರೆ ಅದಕ್ಕಿಂತ ಜಾಸ್ತಿ ಬೇಕಾಗಿರುವುದು ತಮ್ಮ ಆಟ ಸುಧಾರಿಸುವ ದಾರಿ.

ಗಾಲ್ಫ್ ಚಾನೆಲ್ ಇದನ್ನೇ ಹಿಡಿಯಿತು. 1995ರ ಜನವರಿಯಲ್ಲಿ ಅಮೆರಿಕದಲ್ಲಿ ಶುರುವಾಯಿತು. ಸ್ಥಾಪಕರಲ್ಲಿ ಒಬ್ಬರು ಆಟಗಾರ ಆರ್ನಾಲ್ಡ್ ಪಾಮರ್. 24 ಗಂಟೆ ಗಾಲ್ಫ್ ಯಾರು ನೋಡುತ್ತಾರೆ ಅನ್ನುವ ಅನುಮಾನ ಎಲ್ಲರಿಗೂ ಇತ್ತು. ಮೊದಲು ಪ್ರತ್ಯೇಕ ದುಡ್ಡು ಕೊಟ್ಟು ನೋಡುವ ಚಾನೆಲ್ ಆಗಿ ಬಂತು, ಅದು ಓಡಲಿಲ್ಲ. ಆಮೇಲೆ ಕೇಬಲ್‌ನ ಸಾಮಾನ್ಯ ಕಂತೆಗೆ ಸೇರಿತು, ಆಗ ನೆಲೆ ಸಿಕ್ಕಿತು. ಪಾಠ ಹೇಳಿಕೊಡುವ ಕಾರ್ಯಕ್ರಮಗಳು ಅದರ ಬೆನ್ನೆಲುಬು. ಗಾಲ್ಫ್ ಆಡುವವನಿಗೆ ತನ್ನ ಸ್ವಿಂಗ್ ಎಂದೂ ಸರಿ ಅನ್ನಿಸುವುದಿಲ್ಲ. ಚಾನೆಲ್‌ಗೆ ಅದಕ್ಕಿಂತ ಒಳ್ಳೆಯ ವೀಕ್ಷಕ ಬೇಕೇ? ಜಾಹೀರಾತು ಕೊಡುವವರೂ ಕಣ್ಣೆದುರೇ ಇದ್ದರು: ಕ್ಲಬ್, ಚೆಂಡು, ಶೂ, ಗಾಲ್ಫ್ ರೆಸಾರ್ಟ್.

ಇನ್ನೂ ವಿಚಿತ್ರವಾದದ್ದು ದಕ್ಷಿಣ ಕೊರಿಯಾದ ಬಾದುಕ್ ಟಿವಿ. ಬಾದುಕ್ ಅಂದರೆ ಕಪ್ಪು ಬಿಳಿ ಕಲ್ಲುಗಳನ್ನಿಟ್ಟು ಆಡುವ 'ಗೋ' ಆಟ. ಇಬ್ಬರು ಮೇಜಿನ ಎದುರು ಬದುರು ಕೂತು ಗಂಟೆಗಟ್ಟಲೆ ಯೋಚಿಸುತ್ತಾರೆ. ಓಟ ಇಲ್ಲ, ಬೆವರಿಲ್ಲ, ಕೂಗಾಟ ಮೊದಲೇ ಇಲ್ಲ. ಇದಕ್ಕೇ ಮೀಸಲಾದ ಚಾನೆಲ್ 1995ರಿಂದ ಇದೆ. ಅಲ್ಲಿ ಪಂದ್ಯಕ್ಕಿಂತ ವಿಶ್ಲೇಷಣೆಗೆ ಜಾಗ ಜಾಸ್ತಿ. ದೊಡ್ಡ ಫಲಕದ ಮೇಲೆ ಕಲ್ಲು ಇಟ್ಟು, "ಇಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತು" ಅಂತ ಬಿಡಿಸಿ ಹೇಳುತ್ತಾರೆ. ಗೋ ಆಡುವವನಿಗೆ ಅದು ಸಿನಿಮಾಗಿಂತ ರಸವತ್ತು. ಆಡದವನಿಗೆ ನಿದ್ದೆ ಬರುತ್ತದೆ, ಬರಲಿ ಬಿಡಿ. ಆ ಚಾನೆಲ್ ಇರುವುದು ಅವನಿಗಲ್ಲ.

ನಾನು ಕೆಲಸ ಮಾಡಿದ ಒಂದು ಚಾನೆಲ್‌ನಲ್ಲಿ ಬ್ಯಾಡ್ಮಿಂಟನ್ ರಾಕೆಟ್‌ಗೆ ಗಟ್ಟಿಂಗ್ ಹಾಕುವುದು ಹೇಗೆ ಅಂತ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ದೆವು. ಒಬ್ಬ ಮನುಷ್ಯ, ಒಂದು ಮೆಷಿನ್, ಒಂದೇ ಕ್ಯಾಮೆರಾ. ತಂತಿಯನ್ನು ಎಷ್ಟು ಬಿಗಿಯಬೇಕು, ಬಿಗಿ ಜಾಸ್ತಿಯಾದರೆ ಹೊಡೆತ ಹೇಗೆ ಬದಲಾಗುತ್ತದೆ, ತಂತಿ ಯಾಕೆ ಹರಿಯುತ್ತದೆ. ಸಾಹೇಬರು "ಇದೆಂಥ ಬೋರು" ಅಂತ ಬೆಳಗಿನ ಜಾವಕ್ಕೆ ತಳ್ಳಿದರು. ಆದರೆ ಮರುಪ್ರಸಾರ ಯಾವಾಗ ಅಂತ ಫೋನ್ ಮಾಡಿ ಕೇಳಿದವರು ಅದೊಂದೇ ಕಾರ್ಯಕ್ರಮಕ್ಕೆ. ಫೈನಲ್‌ನ ಮರುಪ್ರಸಾರಕ್ಕೆ ಯಾರೂ ಕೇಳಲಿಲ್ಲ.

ನೋಡುವುದು ಮತ್ತು ಆಡುವುದು ಎರಡೂ ಒಂದನ್ನೊಂದು ಎಳೆಯುತ್ತವೆ ಅನ್ನುವುದಕ್ಕೆ ಪೋಕರ್ ಅನ್ನುವ ಇಸ್ಪೀಟ್ ಆಟದ ಅಂಕಿಗಳು ಇವೆ. ಅದು ಕ್ರೀಡೆಯೇ ಅಂತ ಜಗಳ ಬೇಡ, ಟಿವಿಯಲ್ಲಿ ಏನಾಯಿತು ನೋಡಿ. 2003ರ ವಿಶ್ವ ಸರಣಿಯ ಮುಖ್ಯ ಪಂದ್ಯದಲ್ಲಿ 839 ಜನ ಆಡಿದರು. ಕ್ರಿಸ್ ಮನಿಮೇಕರ್ ಅನ್ನುವ ಒಬ್ಬ ಸಾಮಾನ್ಯ ಅಕೌಂಟೆಂಟ್ ಗೆದ್ದ. ಆಟಗಾರರ ಕೈಯಲ್ಲಿರುವ ಎಲೆಗಳನ್ನು ಪುಟ್ಟ ಕ್ಯಾಮೆರಾ ವೀಕ್ಷಕರಿಗೆ ತೋರಿಸಿತು, ಅದು ಟಿವಿಯಲ್ಲಿ ಮತ್ತೆ ಮತ್ತೆ ಬಂತು. 2004ರಲ್ಲಿ 2,576 ಜನ, 2006ರಲ್ಲಿ 8,773 ಜನ ಆಡಲು ಬಂದರು. ಆನ್‌ಲೈನ್ ಆಟದ ಕೈವಾಡವೂ ಇದರಲ್ಲಿದೆ. ಆದರೂ ಮನೆಯಲ್ಲಿ ಕೂತು ನೋಡಿದವನಿಗೆ "ನಾನೂ ಆಡಬಹುದು" ಅನ್ನಿಸಿದ್ದು ಟಿವಿಯಿಂದಲೇ.

ಆದ್ದರಿಂದ ಎರಡನೆಯ ಕಾಗದದಲ್ಲಿ ಇಷ್ಟು ಬರೆಯಿರಿ. ಈ ಆಟವನ್ನು ವಾರಕ್ಕೊಮ್ಮೆಯಾದರೂ ಆಡುವವರು ಎಷ್ಟು? ಅವರು ಸಾಮಾನಿಗೆ ದುಡ್ಡು ಖರ್ಚು ಮಾಡುತ್ತಾರಾ? ಪದೇ ಪದೇ ಖರ್ಚು ಮಾಡುತ್ತಾರಾ, ಒಮ್ಮೆ ಕೊಂಡರೆ ಮುಗಿಯಿತಾ? ಮಂಜುಗಡ್ಡೆಯ ಇಳಿಜಾರು ದಾರಿಯಲ್ಲಿ ಬಂಡಿ ಜಾರಿಸುವ ಬಾಬ್‌ಸ್ಲೆಡ್ ನೋಡಲು ಮೈ ಜುಮ್ಮೆನ್ನುತ್ತದೆ. ಆದರೆ ನಿಮ್ಮ ಪರಿಚಯದವರಲ್ಲಿ ಬಾಬ್‌ಸ್ಲೆಡ್ ಯಾರ ಹತ್ತಿರ ಇದೆ?

ಒಲಿಂಪಿಕ್ಸ್ ನೋಡಿ ಮೋಸ ಹೋಗಬೇಡಿ

"ಒಲಿಂಪಿಕ್ಸ್ ಬಂದಾಗ ಎಲ್ಲರೂ ನೋಡ್ತಾರಲ್ಲ!" ಈ ಮಾತನ್ನು ನಾನು ಕೇಳದ ಮೀಟಿಂಗ್ ಇಲ್ಲ. 2010ರ ವ್ಯಾಂಕೋವರ್ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಅಮೆರಿಕದ ವ್ಯಾಪಾರ ಸುದ್ದಿ ಚಾನೆಲ್ ಸಿಎನ್‌ಬಿಸಿ ಷೇರು ಮಾರುಕಟ್ಟೆ ಮುಚ್ಚಿದ ಮೇಲೆ ಕರ್ಲಿಂಗ್ ಹಾಕುತ್ತಿತ್ತು. ಮಂಜುಗಡ್ಡೆ ಮೇಲೆ ಭಾರದ ಕಲ್ಲು ಜಾರಿಸಿ, ಅದರ ಮುಂದೆ ಬ್ರಷ್ ಹಿಡಿದು ಉಜ್ಜುವ ಆಟ. ಷೇರು ವ್ಯಾಪಾರದವರು ಅದಕ್ಕೆ ಅಂಟಿಕೊಂಡರು, ಪತ್ರಿಕೆಗಳಲ್ಲಿ ಸುದ್ದಿಯೂ ಆಯಿತು. ಒಲಿಂಪಿಕ್ಸ್ ಮುಗಿಯಿತು. ಆಮೇಲೆ?

ಆಮೇಲಿನ ಕಥೆಗೂ ದಾಖಲೆ ಇದೆ. ಒಲಿಂಪಿಕ್ ಆಟಗಳನ್ನೇ ವರ್ಷವಿಡೀ ತೋರಿಸುತ್ತಿದ್ದ ಯೂನಿವರ್ಸಲ್ ಸ್ಪೋರ್ಟ್ಸ್ ಅನ್ನುವ ಅಮೆರಿಕದ ಚಾನೆಲ್ 2015ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. 2017ರ ಜುಲೈನಲ್ಲಿ ಅಲ್ಲೇ ಒಲಿಂಪಿಕ್ ಚಾನೆಲ್ ಅಂತ ಇನ್ನೊಂದು ಬಂತು. ಹೆಸರಿಗೆ ಇದಕ್ಕಿಂತ ದೊಡ್ಡ ಬ್ರ್ಯಾಂಡ್ ಇಲ್ಲ, ಹಿಂದೆ ನಿಂತವರೂ ಸಣ್ಣವರಲ್ಲ. 2022ರ ಸೆಪ್ಟೆಂಬರ್ ಕೊನೆಗೆ ಅದರ ಟಿವಿ ಪ್ರಸಾರವೂ ನಿಂತಿತು. ಒಲಿಂಪಿಕ್ಸ್‌ನಲ್ಲಿ ಜನ ನೋಡುವುದು ತಮ್ಮ ದೇಶದ ಬಾವುಟವನ್ನು. ಕೆಳಗೆ ಯಾವ ಆಟ ನಡೆಯುತ್ತಿದೆ ಅನ್ನುವುದು ಅವರಿಗೆ ಎರಡನೆಯ ಮಾತು.

ಒಂದು ದಿನದ ತಮಾಷೆಯೂ ಹಾಗೆಯೇ. ಒಂದು ಹಾಸ್ಯ ಸಿನಿಮಾದಲ್ಲಿ ಬಂದ ಕಲ್ಪನೆಯ ಚಾನೆಲ್ ಹೆಸರನ್ನೇ ಇಟ್ಟುಕೊಂಡು ಇಎಸ್‌ಪಿಎನ್ 2017ರ ಆಗಸ್ಟ್ 8ರಂದು ತನ್ನ ಒಂದು ಚಾನೆಲ್ಲಿಗೆ 'ದಿ ಓಚೊ' ಅಂತ ಬೋರ್ಡು ಹಾಕಿತು. ಇಡೀ ದಿನ ಯಾರೂ ಕೇಳದ ಆಟಗಳು. ಜನರಿಗೆ ಖುಷಿಯಾಯಿತು, ಮುಂದಿನ ವರ್ಷಗಳಲ್ಲೂ ಮಾಡಿದರು. "ನೋಡಿ, ಬೇಡಿಕೆ ಇದೆ!" ಅಂತ ಇದನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ನನಗೆ ಕಾಣುವುದು ಉಲ್ಟಾ. ದಿನಾ ಇಲ್ಲ ಅನ್ನುವುದೇ ಅದರ ರುಚಿ. ಹಬ್ಬದೂಟವನ್ನು ದಿನಾ ಹಾಕಿದರೆ ಮೂರನೆಯ ದಿನ ಮೊಸರನ್ನ ಕೇಳುತ್ತಾರೆ.

ಧ್ವನಿ ಮುಚ್ಚಿ ನೋಡಿ

ಆಡುವವರು ಸಾಕಷ್ಟಿದ್ದಾರೆ ಅಂತ ಆಯಿತು. ಇನ್ನು ಆಟ ತೆರೆಯ ಮೇಲೆ ಕಾಣುತ್ತದಾ? ಆಟ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಧ್ವನಿ ಪೂರ್ತಿ ಮುಚ್ಚಿ, ಹತ್ತು ನಿಮಿಷ ಪಂದ್ಯ ತೋರಿಸಿ. ಆಮೇಲೆ ಎರಡೇ ಪ್ರಶ್ನೆ ಕೇಳಿ: ಯಾರು ಮುಂದಿದ್ದಾರೆ? ಈಗ ಏನಾದರೆ ಪರಿಸ್ಥಿತಿ ಬದಲಾಗುತ್ತದೆ? ಎರಡಕ್ಕೂ ಉತ್ತರ ಬಂದರೆ ಒಳ್ಳೆಯ ಸೂಚನೆ. ಮೊದಲನೆಯದಕ್ಕೂ ಬರದಿದ್ದರೆ ಕೆಲಸ ಬಹಳ ಇದೆ.

ಈ ಪರೀಕ್ಷೆಯಲ್ಲಿ ನನಗೆ ಅತಿ ಇಷ್ಟವಾದ ಆಟ ಡಾರ್ಟ್ಸ್, ಅಂದರೆ ದುಂಡನೆಯ ಬೋರ್ಡಿಗೆ ಪುಟ್ಟ ಬಾಣ ಎಸೆಯುವ ಆಟ. ಒಂದು ಸುತ್ತು ಹೇಗೆ ತೋರಿಸುತ್ತಾರೆ ನೋಡಿ. ತೆರೆ ಎರಡು ಭಾಗ. ಒಂದರಲ್ಲಿ ಆಟಗಾರನ ಮುಖ, ಇನ್ನೊಂದರಲ್ಲಿ ಬೋರ್ಡು. ಕೆಳಗೆ 501 ಅನ್ನುವ ಅಂಕಿ. ಎಸೆದಷ್ಟೂ ಅದು ಇಳಿಯುತ್ತದೆ, ಸೊನ್ನೆ ಮುಟ್ಟಿದವನು ಗೆದ್ದ. ಇಷ್ಟು ಯಾರಿಗಾದರೂ ಅರ್ಥವಾಗುತ್ತದೆ. ಕೊನೆಯ ಬಾಣ ಅಂಕ ಎರಡು ಪಟ್ಟಾಗುವ ಡಬಲ್ ಜಾಗಕ್ಕೆ, ಇಲ್ಲವೇ ನಟ್ಟನಡುವಿನ ಬುಲ್‌ಗೆ ಬೀಳಬೇಕು ಅನ್ನುವ ನಿಯಮ ಒಂದಿದೆ. ಆದ್ದರಿಂದ ಆಟಗಾರ 170ಕ್ಕೆ ಬಂದ ಕೂಡಲೇ ಉಸಿರು ಬಿಗಿಯಾಗುತ್ತದೆ, ಮೂರು ಬಾಣದಲ್ಲಿ ಮುಗಿಸಬಹುದಾದ ಅತಿ ದೊಡ್ಡ ಸಂಖ್ಯೆ ಅದು. ಈಗ ಬೋರ್ಡಿನ ಮೇಲಿನ ಕ್ಯಾಮೆರಾ ಗಮನಿಸಿ. ಬಾಣ ಕೈ ಬಿಡುವ ಮೊದಲೇ ಅದು ಸರಿಯಾದ ಅಂಕಿಯ ಮೇಲೆ ಹೋಗಿ ಕೂತಿರುತ್ತದೆ. ಹೇಗೆ? ಡಾರ್ಟ್ಸ್ ಲೆಕ್ಕ ನೀರು ಕುಡಿದಷ್ಟು ಸುಲಭವಾಗಿ ಮಾಡುವ ಸ್ಪಾಟರ್ ಒಬ್ಬರು ಪ್ರಸಾರ ತಂಡದ ಜೊತೆ ಇರುತ್ತಾರೆ. "ಟ್ರಿಪಲ್ 20, ಮತ್ತೆ ಟ್ರಿಪಲ್ 20, ಈಗ ಬುಲ್" ಅಂತ ಮೊದಲೇ ಹೇಳುತ್ತಾ ಹೋಗುತ್ತಾರೆ. ಗುರಿ ತಪ್ಪಿ ಬಾಣ ಪಕ್ಕದ ಮನೆಗೆ ಬಿದ್ದರೆ ಅರೆಕ್ಷಣದಲ್ಲಿ ಹೊಸ ಲೆಕ್ಕ ಕೂಗಬೇಕು. ವೀಕ್ಷಕನಿಗೆ ಈ ವ್ಯಕ್ತಿ ಕಾಣುವುದೇ ಇಲ್ಲ. ಅವರಿಲ್ಲದಿದ್ದರೆ ಡಾರ್ಟ್ಸ್ ಬರೀ ದಪ್ಪ ಹಲಗೆಗೆ ಮೊಳೆ ಚುಚ್ಚುವ ದೃಶ್ಯ. ನಿಮ್ಮ ಆಟಕ್ಕೆ ಅಂಥ ಸ್ಪಾಟರ್ ಯಾರು? ಹೆಸರು ಗೊತ್ತಿಲ್ಲದಿದ್ದರೆ ಹುಡುಕಲು ಶುರು ಮಾಡಿ, ಕ್ಯಾಮೆರಾ ಬಾಡಿಗೆಗೆ ಆಮೇಲೆ ಹೋಗಿ.

ಆಟ ಕಾಣದಿದ್ದರೆ ಆಟವನ್ನೇ ಸ್ವಲ್ಪ ತಿದ್ದಿಕೊಂಡವರೂ ಇದ್ದಾರೆ. ಟೇಬಲ್ ಟೆನಿಸ್‌ನವರು 2000ದಲ್ಲಿ ಚೆಂಡಿನ ವ್ಯಾಸವನ್ನು 38 ಮಿಲಿಮೀಟರ್‌ನಿಂದ 40ಕ್ಕೆ ಏರಿಸಿದರು, 2001ರಲ್ಲಿ ಗೇಮನ್ನು 21 ಪಾಯಿಂಟ್‌ನಿಂದ 11ಕ್ಕೆ ಇಳಿಸಿದರು. ಸ್ಕ್ವಾಷ್‌ನವರು ಗಾಜಿನ ಗೋಡೆಯ ಕೋರ್ಟು ಮಾಡಿ ಅದರಲ್ಲಿ ಬಿಳಿ ಚೆಂಡು ಬಳಸಿದರು. ಕಬಡ್ಡಿಯಲ್ಲಿ ಮ್ಯಾಟ್ ಬಂತು, 30 ಸೆಕೆಂಡಿನ ರೈಡ್ ಗಡಿಯಾರ ತೆರೆಯ ಮೇಲೆ ಓಡಿತು. ಮೇಜಿನ ಮೇಲೆ ಬಣ್ಣ ಬಣ್ಣದ ಚೆಂಡುಗಳನ್ನು ಕೋಲಿನಿಂದ ಗುಳಿಗೆ ಬೀಳಿಸುವ ಸ್ನೂಕರ್ ಅಂತೂ ಬಣ್ಣದ ಟಿವಿಯ ಕೂಸು. ಬಿಬಿಸಿ 2 ಬಣ್ಣದ ಪ್ರಸಾರವನ್ನು ಮೆರೆಸಲು 1969ರಲ್ಲಿ ಒಂದೇ ಫ್ರೇಮಿನ ಸ್ನೂಕರ್ ಕಾರ್ಯಕ್ರಮ ಶುರು ಮಾಡಿತು. 1985ರ ವಿಶ್ವ ಫೈನಲ್ ಕೊನೆಯ ಕಪ್ಪು ಚೆಂಡಿಗೆ ಬಂದು ನಿಂತಾಗ ಮಧ್ಯರಾತ್ರಿ ದಾಟಿತ್ತು, ಬ್ರಿಟನ್ನಿನಲ್ಲಿ 1 ಕೋಟಿ 85 ಲಕ್ಷ ಜನ ಎದ್ದು ಕೂತು ನೋಡುತ್ತಿದ್ದರು. ಹದಿನಾರು ವರ್ಷ ಹಿಡಿಯಿತು ಅನ್ನುವುದನ್ನೂ ಗಮನಿಸಿ.

ಫಲಿತಾಂಶ ಗೊತ್ತಿಲ್ಲ ಅನ್ನುವ ಲಾಭ

ಸಣ್ಣ ಆಟಕ್ಕೆ ಒಂದು ಅನುಕೂಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡ ಪಂದ್ಯದ ಫಲಿತಾಂಶ ಹತ್ತು ನಿಮಿಷದಲ್ಲಿ ಎಲ್ಲರ ಮೊಬೈಲಿಗೆ ಬಂದಿರುತ್ತದೆ. ಮರುದಿನ ಆ ಪಂದ್ಯ ಹಳಸಿದ ಅನ್ನ. ಆದರೆ ಮೂರು ವಾರದ ಹಿಂದೆ ನಡೆದ ಸೆಪಕ್ ತಕ್ರಾ (ಕಾಲಿನಿಂದ ಆಡುವ ವಾಲಿಬಾಲ್‌ನಂಥ ಆಟ) ಸೆಮಿಫೈನಲ್ ಯಾರು ಗೆದ್ದರು? ಗೊತ್ತಿಲ್ಲ ಅಲ್ವಾ? ನಿಮ್ಮ ವೀಕ್ಷಕರಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ. ಅಂದರೆ ನೀವು ಅದನ್ನು ಇವತ್ತು ಸಂಜೆ ಏಳಕ್ಕೆ ಹಾಕಿದರೆ ಅವರ ಪಾಲಿಗೆ ಅದು ಇವತ್ತಿನ ಪಂದ್ಯ. ಲೈವ್ ಅಂತ ಮಾತ್ರ ಸುಳ್ಳು ಹೇಳಬೇಡಿ. 'ಮೊದಲ ಬಾರಿಗೆ' ಅಂತ ಹಾಕಿ, ಅದು ನಿಜವೂ ಹೌದು.

ಹೀಗೆ ಮಾಡಿದರೆ ಒಂದು ಟೂರ್ನಿಯ ಮೂರು ದಿನದ ಪಂದ್ಯಗಳನ್ನು ಆರು ವಾರಕ್ಕೆ ಹರಡಬಹುದು. ಮೇಲೆ ವೃತ್ತ ಹಾಕಿದ ಗ್ಯಾಪ್‌ನಲ್ಲಿ ದೊಡ್ಡ ಭಾಗ ಇಲ್ಲೇ ಮುಚ್ಚಿತು. ಆದರೆ ಇಡೀ ಆಫೀಸು ಬಾಯಿ ಕಟ್ಟಿಕೊಂಡಿರಬೇಕು. ಒಂದು ಕಡೆ ನಾವು ಟೇಬಲ್ ಟೆನಿಸ್ ಫೈನಲನ್ನು ಎರಡು ವಾರ ಪ್ರೋಮೊ ಹಾಕಿ ಕಾಯಿಸಿದೆವು. ಸೆಟ್ ಟಾಪ್ ಬಾಕ್ಸಿನಲ್ಲಿ ಕಾರ್ಯಕ್ರಮದ ಹೆಸರಿನ ಕೆಳಗೆ ಎರಡು ಸಾಲಿನ ವಿವರ ಬರುತ್ತದಲ್ಲ, ಅದನ್ನು ಹೊರಗಿನ ಒಂದು ಏಜೆನ್ಸಿ ತುಂಬಿಸುತ್ತಿತ್ತು. ಅವರು ಗೆದ್ದವನ ಹೆಸರು, ಸ್ಕೋರು ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದರು. ಅಂದಿನಿಂದ ಆ ಎರಡು ಸಾಲನ್ನು ಓದದೆ ನಾನು ಚಾರ್ಟಿಗೆ ಸಹಿ ಹಾಕಿಲ್ಲ.

ಸಮಯದ ವಿಷಯದಲ್ಲೂ ಹಟ ಬೇಕು. ಬುಧವಾರ ಸಂಜೆ ಏಳಕ್ಕೆ ಬಿಲ್ಲುಗಾರಿಕೆ ಅಂದರೆ ವರ್ಷವಿಡೀ ಬುಧವಾರ ಸಂಜೆ ಏಳಕ್ಕೆ ಬಿಲ್ಲುಗಾರಿಕೆ. ಸಣ್ಣ ಆಟದ ವೀಕ್ಷಕ ಚಾನೆಲ್ ತಿರುಗಿಸುವಾಗ ಆಕಸ್ಮಿಕವಾಗಿ ಸಿಗುವವನಲ್ಲ, ಹುಡುಕಿಕೊಂಡು ಬರುವವನು. ಎರಡು ಸಲ ಬಂದಾಗ ಸಿಗದಿದ್ದರೆ ಮೂರನೆಯ ಸಲ ಬರುವುದಿಲ್ಲ.

ಖರ್ಚಿನ ಬಗ್ಗೆ ಉದ್ದ ಭಾಷಣ ಬೇಡ. ಒಂದು ಹಾಲ್, ನಾಲ್ಕು ಕ್ಯಾಮೆರಾ, ಅಲುಗಾಡದ ಮೇಜು ಅಥವಾ ಕೋರ್ಟು ಇರುವ ಆಟಗಳನ್ನು ಮೊದಲು ಆರಿಸಿ. ರಸ್ತೆ ಸೈಕ್ಲಿಂಗ್‌ಗೆ ಹೆಲಿಕಾಪ್ಟರ್, ಮೋಟಾರ್‌ಸೈಕಲ್ ಕ್ಯಾಮೆರಾ ಬೇಕು, ಅದನ್ನು ಬೇರೆಯವರು ತೆಗೆದ ಫೀಡ್ ಕೊಂಡು ಸ್ಟುಡಿಯೊದಲ್ಲಿ ಕೂತು ಕಾಮೆಂಟರಿ ಹೇಳುವುದೇ ವಾಸಿ.

ಪರೀಕ್ಷೆ ಮಾಡುವುದು ಯಾವಾಗ?

ಎಲ್ಲರೂ ಚಾಂಪಿಯನ್‌ಶಿಪ್ ನಡೆಯುವ ವಾರ ಯೂಟ್ಯೂಬಿನಲ್ಲಿ ಸ್ಟ್ರೀಮ್ ಮಾಡಿ, ಬಂದ ಸಂಖ್ಯೆ ನೋಡಿ ಹಿಗ್ಗುತ್ತಾರೆ. ನೀವು ಹಾಗೆ ಮಾಡಬೇಡಿ. ನಿಮ್ಮ ಆಟದ ಅತ್ಯಂತ ಸತ್ತ ತಿಂಗಳನ್ನು ಆರಿಸಿ. ಲೈವ್ ಒಂದೂ ಇಲ್ಲದ ತಿಂಗಳು. ದಿನಕ್ಕೆ ಎರಡು ಗಂಟೆ, ಒಂದೇ ಹೊತ್ತಿಗೆ, ಪೂರ್ತಿ ತಿಂಗಳು ಆನ್‌ಲೈನಿನಲ್ಲಿ ನಡೆಸಿ. ಪಾಠ, ವಿಶ್ಲೇಷಣೆ, ತಡವಾಗಿ ಹಾಕುವ ಪಂದ್ಯ, ಶಾಲಾ ಮಕ್ಕಳ ಟೂರ್ನಿ, ಸಾಮಾನುಗಳ ಪರಿಚಯ ಎಲ್ಲ ಬರಲಿ.

ಎಷ್ಟು ಜನ ಒಮ್ಮೆ ಇಣುಕಿದರು ಅನ್ನುವುದನ್ನು ಮರೆತುಬಿಡಿ. ಮೊದಲ ವಾರ ಬಂದವರಲ್ಲಿ ನಾಲ್ಕನೆಯ ವಾರ ಎಷ್ಟು ಜನ ಉಳಿದರು? ಒಬ್ಬೊಬ್ಬರು ಎಷ್ಟು ಹೊತ್ತು ಕೂತರು? "ನಾಳೆ ಬ್ಯಾಕ್‌ಹ್ಯಾಂಡ್ ಪಾಠ ಇದೆಯಾ?" ಅಂತ ಕೇಳುವವರು ಇದ್ದಾರಾ? ನಿಮ್ಮ ಆಟದ ಸಾಮಾನು ಮಾರುವವರಲ್ಲಿ ಒಬ್ಬರಾದರೂ ಈ ಸತ್ತ ತಿಂಗಳಿಗೆ ಜಾಹೀರಾತು ಕೊಟ್ಟರಾ? ಕೊನೆಯ ಪ್ರಶ್ನೆಗೆ ಉತ್ತರ ಹೌದು ಅಂತಾದರೆ ನನಗೆ ಅರ್ಧ ಧೈರ್ಯ ಬರುತ್ತದೆ.

ಟಿವಿ ರೇಟಿಂಗ್ ನಂಬಿ ಇಂಥ ತೀರ್ಮಾನ ಮಾಡಲು ಬರುವುದಿಲ್ಲ. ರೇಟಿಂಗ್ ಅಳೆಯಲು ಆರಿಸಿದ ಸ್ಯಾಂಪಲ್‌ನಲ್ಲಿ 2,000 ಮನೆ ಇವೆ ಅಂದುಕೊಳ್ಳಿ. ಸಾವಿರಕ್ಕೊಂದು ಮನೆ ನಿಮ್ಮನ್ನು ನೋಡುತ್ತಿದೆ. ಅಂದರೆ ಎರಡು ಮನೆ. ಅದರಲ್ಲಿ ಒಂದು ಮನೆಯವರು ಊರಿಗೆ ಹೋದರೆ ಆ ವಾರ ನಿಮ್ಮ ವೀಕ್ಷಕರು ಅರ್ಧಕ್ಕೆ ಕುಸಿದರು ಅಂತ ವರದಿ ಬರುತ್ತದೆ! ಸಣ್ಣ ಚಾನೆಲ್‌ಗಳ ಗ್ರಾಫ್ ಗರಗಸದ ಹಲ್ಲಿನ ಹಾಗೆ ಕುಣಿಯುವುದು ಇದಕ್ಕೇ.

ಒಪ್ಪಂದದಲ್ಲಿ ನೋಡಬೇಕಾದ್ದು

ಫೆಡರೇಷನ್‌ಗಳು ಹಕ್ಕನ್ನು ಪುಕ್ಕಟೆ ಕೊಡಲೂ ತಯಾರಿರುತ್ತವೆ. ಖುಷಿಯಿಂದ ಸಹಿ ಹಾಕುವ ಮೊದಲು ಮೂರು ವಿಷಯ ನೋಡಿ. ಮರುಪ್ರಸಾರ ಎಷ್ಟು ಸಲ, ಎಷ್ಟು ವರ್ಷ? ನಾಲ್ಕು ಸಲ ಮಾತ್ರ ಅಂತಿದ್ದರೆ ನಿಮ್ಮ ಆರು ಗಂಟೆಯ ಕಟ್ಟು ಒಂದೇ ದಿನದಲ್ಲಿ ಅದನ್ನು ನುಂಗಿಬಿಡುತ್ತದೆ. ಪಂದ್ಯದ ತುಣುಕು ಕತ್ತರಿಸಿ ಪಾಠದ ಕಾರ್ಯಕ್ರಮದಲ್ಲಿ ಬಳಸಬಹುದಾ? ಇದಿಲ್ಲದೆ ವಿಶ್ಲೇಷಣೆ ಮಾಡಲು ಆಗುವುದಿಲ್ಲ. ಸ್ಟೇಡಿಯಂನಲ್ಲಿ ಹಾಕಿದ ಹಾಡುಗಳ ಹಕ್ಕು ಯಾರದ್ದು? ಎರಡು ವರ್ಷದ ಮೇಲೆ ಹಾಡಿನ ಕಂಪನಿಯಿಂದ ನೋಟಿಸ್ ಬಂದಾಗ ಇದು ನೆನಪಾಗುವುದು ಬೇಡ.

ಇನ್ನೊಂದು ಸಂಕಟ ಇದೆ, ಅದು ಗೆದ್ದ ಮೇಲೆ ಬರುವಂಥದ್ದು. ನೀವು ಬೆಳೆಸಿದ ಆಟ ದೊಡ್ಡದಾದ ದಿನ ದೊಡ್ಡ ಚಾನೆಲ್ ಬಂದು ಎತ್ತಿಕೊಂಡು ಹೋಗುತ್ತದೆ. ಆದ್ದರಿಂದ ಒಪ್ಪಂದ ಮುಗಿದಾಗ ಬೇರೆಯವರು ಕೊಡುವ ಬೆಲೆಯನ್ನು ನೀವೂ ಕೊಟ್ಟು ಉಳಿಸಿಕೊಳ್ಳುವ ಅವಕಾಶ ಬರಹದಲ್ಲಿ ಇರಲಿ. ಆ ದಿನ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. 2024ರ ಜನವರಿ 3ರಂದು ಲ್ಯೂಕ್ ಲಿಟ್ಲರ್ ಅನ್ನುವ 16 ವರ್ಷದ ಹುಡುಗ ಡಾರ್ಟ್ಸ್ ವಿಶ್ವ ಫೈನಲ್ ಆಡಿದ. ಸೋತ. ಆದರೂ ಬ್ರಿಟನ್ನಿನ ಸ್ಕೈ ಸ್ಪೋರ್ಟ್ಸ್‌ನಲ್ಲಿ ಗರಿಷ್ಠ 37 ಲಕ್ಷಕ್ಕೂ ಹೆಚ್ಚು ಜನ ನೋಡಿದರು, ಫುಟ್‌ಬಾಲ್ ಬಿಟ್ಟರೆ ಆ ಚಾನೆಲ್‌ನಲ್ಲಿ ಯಾವ ಆಟಕ್ಕೂ ಅಲ್ಲಿಯವರೆಗೆ ಅಷ್ಟು ಜನ ಬಂದಿರಲಿಲ್ಲ. ಅಂಥ ಹುಡುಗನನ್ನು ಯೋಜನೆ ಹಾಕಿ ಹುಟ್ಟಿಸಲು ಆಗುವುದಿಲ್ಲ. ಜೂನಿಯರ್ ಪಂದ್ಯಗಳನ್ನು ಸುಮ್ನೆ ಬಿಡದೆ ರೆಕಾರ್ಡ್ ಮಾಡಿ ಇಟ್ಟುಕೊಂಡರೆ ಆ ದಿನ ನಿಮ್ಮ ಹತ್ತಿರ ಮಾತ್ರ ಅವನ ಹಳೆಯ ಆಟ ಇರುತ್ತದೆ.

ಸತ್ತ ತಿಂಗಳ ಪರೀಕ್ಷೆಯಲ್ಲಿ ಜನ ಉಳಿಯದಿದ್ದರೆ ಹಟ ಹಿಡಿಯಬೇಡಿ. ಸ್ಕೈನವರು ಡಾರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ಹೊತ್ತಿಗೆ ತಮ್ಮ ಒಂದು ಚಾನೆಲ್ಲಿನ ಹೆಸರನ್ನೇ ಕೆಲವು ವಾರ 'ಸ್ಕೈ ಸ್ಪೋರ್ಟ್ಸ್ ಡಾರ್ಟ್ಸ್' ಅಂತ ಬದಲಿಸಿ, ಟೂರ್ನಿ ಮುಗಿದ ಮೇಲೆ ಹಳೆಯ ಬೋರ್ಡು ಹಾಕಿಕೊಳ್ಳುತ್ತಿದ್ದರು. ಅಷ್ಟು ವೀಕ್ಷಕರಿದ್ದ ಆಟಕ್ಕೇ ಅವರು ವರ್ಷವಿಡೀ ಚಾನೆಲ್ ಮಾಡಲಿಲ್ಲ. ಇರುವ ಯಾವುದಾದರೂ ಚಾನೆಲ್ಲಿನವರ ಹತ್ತಿರ ಹೋಗಿ, ನಿಮ್ಮ ಸೀಸನ್‌ನ ಎಂಟು ಹತ್ತು ವಾರಕ್ಕೆ ಸಂಜೆಯ ಎರಡು ಗಂಟೆ ಕೇಳಿ. ಉಳಿದ ತಿಂಗಳು ಪಾಠದ ವಿಡಿಯೊಗಳನ್ನು ಆನ್‌ಲೈನಿನಲ್ಲಿ ಹಾಕುತ್ತಾ ಇರಿ, ಮುಂದಿನ ವರ್ಷ ಅದೇ ಸತ್ತ ತಿಂಗಳಲ್ಲಿ ಮತ್ತೊಮ್ಮೆ ಎಣಿಸಿ ನೋಡಿ.